ಸೋರಿಯಾಸಿಸ್ ಸ್ಕ್ಯಾನ್‌ನಲ್ಲಿ ಕಾಣುವ ‘ಕಪ್ಪು ಪಟ್ಟಿ’ಗೆ ಸರಿಯಾದ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಸೋರಿಯಾಸಿಸ್ ಇರುವವರಿಗಾಗಿ ಚರ್ಮದ ಅಲ್ಟ್ರಾಸೌಂಡ್ ಬಗ್ಗೆ ಒಂದು ಮಾಹಿತಿ ಹಾಳೆ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

ಹೊಟ್ಟೆಯ ಸ್ಕ್ಯಾನಿಂಗ್‌ಗೆ ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಜ್ ಕಂಪನಾಂಕದ ಶಬ್ದ ಸಾಕು. ಚರ್ಮಕ್ಕೆ 20 ಮೆಗಾಹರ್ಟ್ಜ್ ಅಥವಾ ಅದಕ್ಕೂ ಜಾಸ್ತಿ ಬಳಸುತ್ತಾರೆ. ಕಂಪನಾಂಕ ಏರಿದಷ್ಟೂ ಚಿತ್ರ ಸ್ಪಷ್ಟ, ಆದರೆ ಶಬ್ದ ಕೆಲವೇ ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ. ಚರ್ಮ ನೋಡಲು ಅಷ್ಟು ಸಾಕಲ್ವಾ?

ಸೋರಿಯಾಸಿಸ್ ಇರುವ ಜಾಗದಲ್ಲಿ ಹೊರಚರ್ಮ ದಪ್ಪಗೆ ಕಾಣುತ್ತದೆ. ಅದರ ಕೆಳಗೆ, ಒಳಚರ್ಮದ ಮೇಲ್ಭಾಗದಲ್ಲಿ, ಒಂದು ಕಪ್ಪು ಪಟ್ಟಿ ಇರುತ್ತದೆ. ಅಲ್ಲಿ ನೀರು ತುಂಬಿ ಊದಿಕೊಂಡಿರುತ್ತದೆ, ರಕ್ತನಾಳಗಳು ಹಿಗ್ಗಿರುತ್ತವೆ. ಹಾಗಾಗಿ ಶಬ್ದ ಹೆಚ್ಚು ಮರಳಿ ಬರುವುದಿಲ್ಲ, ಚಿತ್ರದಲ್ಲಿ ಆ ಜಾಗ ಕಪ್ಪಾಗಿ ಕಾಣುತ್ತದೆ. ಔಷಧಿ ಹಿಡಿದಂತೆ ಪಟ್ಟಿ ತೆಳುವಾಗುತ್ತದೆ. ಮೇಲೆ ವಾಸಿಯಾದಂತೆ ಕಂಡರೂ ಕೆಲವೊಮ್ಮೆ ಒಳಗೆ ಅದು ಉಳಿದಿರುತ್ತದೆ. ಕೆಂಪು, ದಪ್ಪ, ಹೊಟ್ಟು, ಹರಡಿದ ಜಾಗ ನೋಡಿ 0ಯಿಂದ 72ರವರೆಗೆ ಅಂಕ ಹಾಕುವ ‘ಪಾಸಿ’ ಪದ್ಧತಿಗೆ ಇದು ಸಿಗುವುದಿಲ್ಲ. ಅದಕ್ಕೇ ಈ ಪಟ್ಟಿಯ ಹೆಸರು ಸ್ಪಷ್ಟವಾಗಿರಬೇಕು ಅನ್ನುವುದು ನನ್ನ ಆಸೆ.

ವೈದ್ಯರು ಇದನ್ನು ‘ಸಬ್‌ಎಪಿಡರ್ಮಲ್ ಲೋ ಎಕೋಜೆನಿಕ್ ಬ್ಯಾಂಡ್’ ಅನ್ನುತ್ತಾರೆ, ಅಂದರೆ ಹೊರಚರ್ಮದ ಕೆಳಗಿನ, ಶಬ್ದವನ್ನು ಕಡಿಮೆ ಮರಳಿಸುವ ಪಟ್ಟಿ. ಸುಮ್ನೆ ‘ಕಪ್ಪು ಪಟ್ಟಿ’ ಎಂದು ಬರೆದರೆ ತೊಂದರೆ ಇದೆ. ಸೋರಿಯಾಸಿಸ್ ಇಳಿದ ಮೇಲೆ ನಮ್ಮ ಬಣ್ಣದ ಚರ್ಮದಲ್ಲಿ ಕಪ್ಪು ಕಲೆ ಉಳಿಯುವುದುಂಟು. ಓದುವವರು ಅದನ್ನೇ ಇದು ಅಂದುಕೊಂಡು ಕಾಯಿಲೆ ಇನ್ನೂ ಇದೆ ಎಂದು ಹೆದರಬಹುದು.

‘ಪ್ರತಿಧ್ವನಿರಹಿತ’ ಸರಿಯಲ್ಲ. ಶಬ್ದ ಮರಳುವುದು ಕಡಿಮೆ, ಪೂರ್ತಿ ಇಲ್ಲವೆಂದಲ್ಲ. ‘ಮಂದಮಾರ್ದನಿ ಪಟ್ಟಿ’ ಕಿವಿಗೆ ಹಿತವಾಗಿದೆ. ಆದರೆ ಮಂದ ಎಂದರೆ ದಪ್ಪ ಎಂಬ ಅರ್ಥವೂ ಇದೆ. ಮಂದವಾದ ಕಂಬಳಿ ಅನ್ನುತ್ತೇವಲ್ಲ. ಚರ್ಮದ ದಪ್ಪವನ್ನೇ ಅಳೆಯುವ ಕಡೆ ಈ ಗೊಂದಲ ಬೇಡ. ಸದ್ಯಕ್ಕೆ ನನ್ನ ಒಲವು ‘ಮಾರ್ದನಿ ತಗ್ಗಿದ ಪಟ್ಟಿ’ ಕಡೆಗೆ. ಉದ್ದವಾಯಿತು, ಆದರೆ ತಪ್ಪು ಅರ್ಥ ಕೊಡುವುದಿಲ್ಲ.

ಇನ್ನೊಂದು ಸೂಕ್ಷ್ಮ. ದಪ್ಪ ಹೊಟ್ಟು ಶಬ್ದವನ್ನು ತಡೆದಾಗ ಅದರ ಕೆಳಗೂ ಚಿತ್ರ ಕಪ್ಪಾಗುತ್ತದೆ. ಅದು ಕಾಯಿಲೆಯ ಪಟ್ಟಿಯಲ್ಲ. ಅದನ್ನು ‘ನೆರಳು’ ಎಂದು ಬೇರೆಯಾಗಿಯೇ ಕರೆಯಬೇಕು ಅನ್ನಿಸುತ್ತದೆ.

‘ತಗ್ಗಿದ’ಕ್ಕಿಂತ ಚಿಕ್ಕ, ಹಳ್ಳಿಯವರಿಗೂ ತಿಳಿಯುವ ಪದ ನಿಮ್ಮ ಕಡೆ ಇದೆಯೇ? ಸ್ಕ್ಯಾನಿಂಗ್ ಕೆಲಸದಲ್ಲಿ ಇರುವವರು ಯಾರಾದರೂ ಇದ್ದರೆ, ಇದನ್ನು ರೋಗಿಗಳಿಗೆ ಬಾಯಿಮಾತಿನಲ್ಲಿ ಹೇಗೆ ಹೇಳುತ್ತೀರಿ, ದಯವಿಟ್ಟು ತಿಳಿಸಿ.