ಕಂಬದ ಕೆತ್ತನೆ ಪ್ರಿಂಟಿನಲ್ಲಿ ಮಸಿ: ತಪ್ಪು ಎಕ್ಸ್‌ಪೋಷರಿನದೋ, ಡೆವಲಪಿಂಗಿನದೋ?

ಕೆಂಪುದೀಪ:
35 ಎಂಎಂ ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಕಪ್ಪು-ಬಿಳುಪು ಫಿಲ್ಮ್, ಮೀಟರ್ ಐಎಸ್‌ಒ 400ಕ್ಕೆ. ಐಡಿ-11 ಡೆವಲಪರ್ ಸಮ ನೀರು ಬೆರೆಸಿ (1+1), 20 ಡಿಗ್ರಿ, 13 ನಿಮಿಷ. ಕಲ್ಲಿನ ಮಂಟಪದ ಒಳಗಂಬಗಳು, ಹಿಂದೆ ಮಧ್ಯಾಹ್ನದ ಬಿಸಿಲಂಗಳ. ಕಾಗದದ ಕಾಂಟ್ರಾಸ್ಟ್ ಗ್ರೇಡ್ 2ರಲ್ಲಿ ಕೆತ್ತನೆ ಪೂರ್ತಿ ಕಪ್ಪು, ಅಂಗಳ ಬರೀ ಬಿಳಿ. ಗ್ರೇಡ್ 1ಕ್ಕೆ ಇಳಿಸಿದರೆ ಕಂಬ ಬೂದು ಬಣ್ಣವಾಗುತ್ತದೆ, ಕೆತ್ತನೆ ಮಾತ್ರ ಬರುವುದಿಲ್ಲ. ಡೆವಲಪಿಂಗ್ ಹೆಚ್ಚಿಸಬೇಕಾ?

ಹೈಪೋ:
ಹೆಚ್ಚಿಸಲೇಬೇಡಿ. ಅಂಗಳ ಇನ್ನಷ್ಟು ಕೆಡುತ್ತದೆ, ಕಂಬ ಇದ್ದಂತೆಯೇ ಇರುತ್ತದೆ. ಮೊದಲು ನೆಗೆಟಿವನ್ನು ಬೆಳಕಿಗೆ ಹಿಡಿಯಿರಿ. ಅಂಚಿನ ಫ್ರೇಮ್ ನಂಬರುಗಳು ಕಾರ್ಖಾನೆಯಲ್ಲೇ ಎಕ್ಸ್‌ಪೋಸ್ ಆಗಿರುತ್ತವೆ. ಅವು ಗಟ್ಟಿ ಕಪ್ಪಗಿದ್ದು, ಕಂಬದ ಜಾಗ ಎರಡು ಫ್ರೇಮಿನ ನಡುವಿನ ಖಾಲಿ ಪಟ್ಟಿಯಷ್ಟೇ ಪಾರದರ್ಶಕವಾಗಿದ್ದರೆ ಅಲ್ಲಿಗೆ ಬೆಳಕು ಸಾಲದೇ ಹೋಗಿದೆ. ನಂಬರೂ ಮಾಸಲಾಗಿದ್ದರೆ ಡೆವಲಪರ್ ಹಳತಾಗಿದೆ, ಇಲ್ಲವೇ ತಣ್ಣಗಿತ್ತು.

ಕೆಂಪುದೀಪ:
ನಂಬರು ಗಟ್ಟಿಯಾಗಿವೆ. ಕಂಬ ಗಾಜಿನಂತಿದೆ.

ಹೈಪೋ:
ಹಾಗಾದರೆ ಅಂಗಳದ ಬಿಸಿಲು ಮೀಟರನ್ನು ದಾರಿ ತಪ್ಪಿಸಿದೆ. ಮೀಟರನ್ನು 200ಕ್ಕೆ ಇಡಿ, ಫಿಲ್ಮಿಗೆ ದುಪ್ಪಟ್ಟು ಬೆಳಕು ಸಿಗುತ್ತದೆ. ಕಂಬದ ಹತ್ತಿರ ಹೋಗಿ, ವ್ಯೂಫೈಂಡರ್ ತುಂಬ ನೆರಳಿನ ಕೆತ್ತನೆಯೇ ಇರುವಂತೆ ಅಳೆಯಿರಿ. ನಿಮ್ಮ ನೆರಳು ಬೀಳದಿರಲಿ. ಅಪರ್ಚರ್ ಎಫ್/4, ಶಟರ್ 1/125 ಬಂತು ಅನ್ನಿ. ಅದನ್ನೇ ಕೊಟ್ಟರೆ ಕಪ್ಪು ಕಲ್ಲು ನಡು ಬೂದು ಬಣ್ಣವಾಗುತ್ತದೆ. ಎರಡು ಸ್ಟಾಪ್ (ಒಂದು ಸ್ಟಾಪಿಗೆ ಬೆಳಕು ಅರ್ಧ) ಕಡಿಮೆ ಮಾಡಿ ಎಫ್/8, 1/125ರಲ್ಲಿ ತೆಗೆಯಿರಿ. ಬಿಸಿಲು ಎಫ್/16, 1/250 ತೋರಿಸಿದರೆ ಅದು ನಡು ಬೂದು ಬಣ್ಣಕ್ಕಿಂತ ಮೂರು ಸ್ಟಾಪ್ ಮೇಲೆ ಕೂರುತ್ತದೆ. ಅದನ್ನು ಹಿಡಿತಕ್ಕೆ ತರಲು 13 ನಿಮಿಷವನ್ನು 11ಕ್ಕೆ ಇಳಿಸಿ. ಬೇಸಿಗೆಯಲ್ಲಿ ನಲ್ಲಿ ನೀರು 24 ಡಿಗ್ರಿ ಇದ್ದರೆ ಆ 11 ನಿಮಿಷ ಎಂಟರ ಒಳಗೇ ಮುಗಿಯುತ್ತದೆ. ಥರ್ಮಾಮೀಟರ್ ನೋಡದೆ ಹಾಕಿದ 13 ನಿಮಿಷಕ್ಕೆ ಅರ್ಥವಿಲ್ಲ.

ಟೆಸ್ಟ್‌ಪಟ್ಟಿ:
200 ಒಳ್ಳೆಯ ಆರಂಭ, ಆದರೆ ನೆಗೆಟಿವನ್ನು ಕಾಗದಕ್ಕೆ ದೊಡ್ಡದಾಗಿ ಬೀಳಿಸುವ ನಿಮ್ಮ ಎನ್‌ಲಾರ್ಜರಿಗೂ ಕಾಗದಕ್ಕೂ ಹೊಂದುತ್ತದೋ ನೋಡಿಕೊಳ್ಳಿ. ಡೆವಲಪ್ ಆದ ರೋಲಿನ ಖಾಲಿ ಫ್ರೇಮನ್ನು ನೆಗೆಟಿವ್ ಹಿಡಿಯುವ ಕ್ಯಾರಿಯರಿನಲ್ಲಿಡಿ. ಎನ್‌ಲಾರ್ಜರಿನ ಎತ್ತರ ನೀವು ಎಂದಿನಂತೆ ಮಾಡುವ ಪ್ರಿಂಟಿನದ್ದೇ ಇರಲಿ. ಅದರ ಲೆನ್ಸ್ ಎಫ್/8, ಕಾಗದ ಗ್ರೇಡ್ 2. ಕಾಗದಕ್ಕೆ ಪಟ್ಟಿಯಿಂದ ಪಟ್ಟಿಗೆ ಎರಡೆರಡು ಸೆಕೆಂಡು ಹೆಚ್ಚಿಸುತ್ತ ಬೆಳಕು ಕೊಡಿ. ಒಣಗಿದ ಮೇಲೇ ನೋಡಬೇಕು, ಒದ್ದೆ ಕಾಗದ ಮೋಸ ಮಾಡುತ್ತದೆ. ಪಕ್ಕದ ಪಟ್ಟಿಗೂ ತನಗೂ ವ್ಯತ್ಯಾಸ ಕಾಣದ ಮೊದಲ ಪಟ್ಟಿಯ ಸಮಯವನ್ನು ಬರೆದಿಟ್ಟುಕೊಳ್ಳಿ; ಕಾಗದ ಪೂರ್ತಿ ಕಪ್ಪಾಗಲು ಅಷ್ಟೇ ಸಾಕು.

ಹೊಸ ನೆಗೆಟಿವನ್ನು ಅದೇ ಸಮಯಕ್ಕೆ ಪ್ರಿಂಟ್ ಮಾಡಿ. ಕೆತ್ತನೆ ಇನ್ನೂ ಮಸಿಯಾದರೆ ಮೀಟರನ್ನು 160ಕ್ಕೆ ಇಳಿಸಿ. ಕೆತ್ತನೆ ಸರಿಯಿದ್ದು ಅಂಗಳ ಮಂಕಾದರೆ ಡೆವಲಪಿಂಗ್ ಒಂದು ನಿಮಿಷ ಹೆಚ್ಚಿಸಿ, ಬಿಳಿ ಕಾಗದವೇ ಉಳಿದರೆ ಒಂದು ನಿಮಿಷ ತೆಗೆಯಿರಿ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಅಂದಹಾಗೆ, ಲೆನ್ಸುಗಳಿಂದ ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಎನ್‌ಲಾರ್ಜರ್ ಇದ್ದರೆ ಹೈಪೋ ಹೇಳಿದ 11 ನಿಮಿಷವೂ ತುಸು ಹೆಚ್ಚೇ ಅನ್ನಿಸಬಹುದು. ಅದರ ಬೆಳಕು ಕಾಂಟ್ರಾಸ್ಟ್ ಏರಿಸುತ್ತದೆ.

ಕೆಂಪುದೀಪ:
ಕಂಡೆನ್ಸರೇ. ಹಾಗಾದರೆ 10ರಿಂದ ಶುರು ಮಾಡುತ್ತೇನೆ.