ಹಳೇ ಚೇತಕ್ ಸ್ಕೂಟರ್‌ನ ಹಿಂದಿನ ಶಾಕ್ ಅಬ್ಸಾರ್ಬರ್‌ಗೆ ಯಾವ ರಬ್ಬರ್?

ಪ್ರಶ್ನೆ (ವಿರಾಜಪೇಟೆ): ಅಣ್ಣಾ, ಅಪ್ಪನ 1984ರ ಚೇತಕ್ ರೆಡಿ ಮಾಡ್ತಿದ್ದೀನಿ. ತೋಟದ ರೋಡಿಗೆ ಇಳಿದರೆ ಹಿಂದಿನಿಂದ ಕಟಕ್ ಕಟಕ್ ಅನ್ನುತ್ತೆ. ಶಾಕ್ ಅಬ್ಸಾರ್ಬರ್ ಬಿಚ್ಚಿದೆ. ಮೇಲಿನ ರಬ್ಬರ್ ಸೀಳಿದೆ, ಕೆಳಗಿನ ಬುಷ್‌ನ (ಬೋಲ್ಟ್ ಸುತ್ತ ಕೂರೋ ರಬ್ಬರ್ ಕೊಳವೆ) ತೂತು ಮೊಟ್ಟೆಯ ಹಾಗೆ ಉದ್ದಕ್ಕೆ ಎಳೆದಿದೆ. ಅಂಗಡಿಯಲ್ಲಿ ಮೂರು ತರ ತೋರಿಸಿದರು: ಹಳೇ ಸ್ಟಾಕ್ ಕಂಪನಿ ಪ್ಯಾಕ್, ಈಗಿನ ಕಪ್ಪು ರಬ್ಬರ್, ಕೆಂಪು ಪಾಲಿಯುರಿಥೇನ್ (ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್). ಯಾವುದು ತಗೊಳ್ಳಲಿ?

ಉತ್ತರ (ಮೆಕ್ಯಾನಿಕ್, ಮಡಿಕೇರಿ): ಕಪ್ಪು ರಬ್ಬರೇ ತಗೊಳ್ಳಿ. ಕಂಪನಿ ಪ್ಯಾಕ್ ನೋಡಿ ಮರುಳಾಗಬೇಡಿ, ರಬ್ಬರ್‌ಗೆ ಡಬ್ಬಿಯೊಳಗೂ ವಯಸ್ಸಾಗುತ್ತೆ. ಕೌಂಟರ್‌ನಲ್ಲೇ ಬಗ್ಗಿಸಿ ನೋಡಿ. ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ವಾಪಸ್ ಕೊಡಿ. ಉಗುರು ಒತ್ತಿದರೆ ಗುರುತು ಬಿದ್ದು, ಕೈ ತೆಗೆದ ಕೂಡಲೇ ಮಾಯವಾಗಬೇಕು. ಕೆಂಪು ಬುಷ್ ಬಾಳಿಕೆಯೇನೋ ಬರುತ್ತೆ. ಆದರೆ ಅದು ಗಟ್ಟಿ, ಅಡ್ಡ ಬಂದ ಕಲ್ಲೆಲ್ಲ ಬಾಡಿಗೇ ಬಡಿಯುತ್ತೆ. ಚೇತಕ್‌ಗೆ ಪೈಪಿನ ಫ್ರೇಮ್ ಇಲ್ಲ, ತಗಡಿನ ಬಾಡಿಯೇ ಫ್ರೇಮ್. ಡಿಕ್ಕಿಯಿಂದ ಫುಟ್‌ಬೋರ್ಡ್‌ವರೆಗೆ ಗಡಗಡ ಅನ್ನೋಕೆ ಶುರುವಾದರೆ ಇದ್ದ ಕಟಕ್ಕೇ ವಾಸಿ ಅನ್ನಿಸುತ್ತೆ. ಹೊಡೆತ ನುಂಗೋದಕ್ಕೆ ನಮ್ಮ ಸಂಪಾಜೆ ಕಡೆ ಮರದಿಂದ ಹಾಲು ಇಳಿಸ್ತಾರಲ್ಲ, ಆ ಅಸಲಿ ರಬ್ಬರೇ ಒಳ್ಳೇದು.

ಒಂದು ಕೇಳ್ತೀನಿ. ಕೆಳಗಿನ ಹಳೇ ಬುಷ್ ಗಟ್ಟಿಯಾಗಿ ಒಡೆದಿದೆಯಾ, ಮೆತ್ತಗೆ ಉಬ್ಬಿದೆಯಾ?

ಪ್ರಶ್ನೆ: ಉಬ್ಬಿದೆ ಅಣ್ಣಾ. ಮುಟ್ಟಿದರೆ ಅಂಟಂಟು, ಕೈಯೆಲ್ಲ ಕಪ್ಪಾಯ್ತು.

ಉತ್ತರ: ಹಾಗಾದರೆ ಅದು ಆಯಿಲ್ ಕುಡಿದಿದೆ. ಅಸಲಿ ರಬ್ಬರ್‌ಗೆ ಇರೋ ದೊಡ್ಡ ದೋಷವೇ ಅದು, ಆಯಿಲ್ ಅಂದರೆ ಆಗದು. ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿ. ಒಳಗೆ ಜಿಡ್ಡಿದ್ದರೆ ಗೇರ್‌ಬಾಕ್ಸ್‌ನ ಆಯಿಲ್ ಸೀಲ್ (ಆಯಿಲ್ ಹೊರಗೆ ಬರದಂತೆ ತಡೆಯೋ ರಿಂಗ್) ಹೋಗಿದೆ ಅಂತ ಅರ್ಥ. ಮೊದಲು ಸೀಲ್ ಹಾಕಿ, ಆಮೇಲೆ ಬುಷ್. ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಪ್ರಶ್ನೆ ಕಳಿಸ್ತೀರಿ.

ಪ್ರಶ್ನೆ: ಡ್ರಮ್ ಒಳಗೆ ಜಿಡ್ಡೇ ಜಿಡ್ಡು! ಬ್ರೇಕ್ ಯಾಕೆ ಹಿಡೀತಿರಲಿಲ್ಲ ಅಂತ ಈಗ ಗೊತ್ತಾಯ್ತು. ಬುಷ್ ಕೂರಿಸೋಕೆ ಗ್ರೀಸ್ ಹಚ್ಚಲಾ?

ಉತ್ತರ: ಬೇಡವೇ ಬೇಡ, ಸೋಪಿನ ನೀರು ಸಾಕು. ಸುತ್ತಿಗೆಯಲ್ಲಿ ಬಡಿಯಬೇಡಿ, ವೈಸ್‌ನಲ್ಲಿ (ಮೇಜಿಗೆ ಬಿಗಿದಿರೋ ಹಿಡಿತದ ಉಪಕರಣ) ಒತ್ತಿ ಕೂರಿಸಿ. ಬೋಲ್ಟ್ ಮೊದಲು ಕೈಯಲ್ಲಷ್ಟೇ ತಿರುಗಿಸಿ ಬಿಡಿ. ಸ್ಟ್ಯಾಂಡ್ ತೆಗೆದು, ಸೀಟಿನ ಮೇಲೆ ಒಬ್ಬರನ್ನು ಕೂರಿಸಿಕೊಂಡು ಆಮೇಲೆ ಟೈಟ್ ಮಾಡಿ. ಚಕ್ರ ನೇತಾಡ್ತಿರುವಾಗಲೇ ಬಿಗಿದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಜಿಡ್ಡು ಹಿಡಿದ ಬ್ರೇಕ್ ಶೂ ತೊಳೆದು ಹಾಕಬೇಡಿ, ಹೊಸದು ತನ್ನಿ.