ಮಾವನ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿದೆ, ಬರೆದದ್ದೆಲ್ಲ ಕಲಸಿಹೋಗಿದೆ

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಸೋದರಮಾವ ನಿವೃತ್ತ ಕನ್ನಡ ಮೇಷ್ಟ್ರು. ನಮ್ಮೂರಿನ ಜಾತ್ರೆ, ಗುಡಿ, ಹಳೇ ಮನೆತನಗಳ ಬಗ್ಗೆ ಹತ್ತು ವರ್ಷದಿಂದ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದಾರೆ. ಲ್ಯಾಪ್‌ಟಾಪ್ ಸ್ಲೋ ಆಗಿದೆ ಅಂದರು. ಹಬ್ಬಕ್ಕೆ ಹೋದಾಗ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೆ, ಫಾರ್ಮ್ಯಾಟ್ ಮಾಡಿ ವಾಪಸ್ ಹಾಕಿದೆ. ಈಗ ಯಾವ ಫೈಲ್ ತೆರೆದರೂ ಕನ್ನಡವೇ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಚುಕ್ಕಿ, ಗೆರೆ. ಮಾವ ಬೈಯಲೂ ಇಲ್ಲ, ಸುಮ್ನೆ ಎದ್ದು ಹೋದರು. ಬರಹ ಹೋಯಿತಾ? ಇನ್ನು ಯಾರ ಕಂಪ್ಯೂಟರನ್ನೂ ಮುಟ್ಟಬಾರದಾ?

ಉತ್ತರ: ಬರಹ ಹೋಗಿಲ್ಲ. ಮೊದಲು ಮಾವನಿಗೆ ಫೋನ್ ಮಾಡಿ ಇದೊಂದು ಮಾತು ಹೇಳಿ, ಆಮೇಲೆ ಉಳಿದದ್ದು ಓದಿ.

ಹಳೆಯ ನುಡಿಯಲ್ಲಿ ಟೈಪ್ ಮಾಡಿದಾಗ ಫೈಲ್ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಕೋಡ್. ಅದನ್ನು ಕನ್ನಡವಾಗಿ ತೋರಿಸುವುದು ನುಡಿಯ ಫಾಂಟ್. ವಿಂಡೋಸ್ ಜೊತೆ ಆ ಫಾಂಟ್ ಬರುವುದಿಲ್ಲ. ನೀವು ವಾಪಸ್ ಹಾಕಿದ ಫೈಲ್‌ಗಳ ಮಟ್ಟಿಗೆ, ಫಾರ್ಮ್ಯಾಟ್ ಮಾಡಿದಾಗ ಹೋದದ್ದು ಆ ಫಾಂಟ್ ಮಾತ್ರ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಹಾಕಿ, ಫೈಲ್ ಮತ್ತೆ ತೆರೆಯಿರಿ. ಅಲ್ಲಿಯವರೆಗೆ ಒಂದು ಫೈಲನ್ನೂ ತಿದ್ದಬೇಡಿ, ಸೇವ್ ಮಾಡಬೇಡಿ.

ಹೇಗೂ ಕೈ ಹಾಕಿದ್ದೇನೆ ಅಂತ ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಬೇರೆ ಫಾಂಟ್ ಹಾಕದೆಯೂ ಕನ್ನಡವಾಗಿಯೇ ಕಾಣುವ ಕೋಡ್‌ಗೆ, ಬದಲಾಯಿಸಲು ಹೋಗಬೇಡಿ. ಬದಲಾಯಿಸುವುದು ಒಳ್ಳೆಯದೇ. ಆದರೆ ಅಲ್ಲಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಡಬಹುದು, ಕೂತು ತಿದ್ದಬೇಕಾದವರು ಮಾವ. ಅವರು ಹೂಂ ಅಂದರೆ ಮಾತ್ರ ಮಾಡಿ, ಮೂಲ ಫೈಲ್ ಬೇರೆ ಕಡೆ ಇಟ್ಟುಕೊಂಡು.

ಮುಟ್ಟಬೇಕಾ ಬೇಡವಾ ಅಂತ ಕೇಳಿದ್ದೀರಿ. ಮುಟ್ಟಿ, ಆದರೆ ಕೇಳಿ ಮುಟ್ಟಿ. ಸರ್ವಿಸ್ ಅಂಗಡಿಯಲ್ಲಿ 16 ವರ್ಷದಿಂದ ಕೂತಿದ್ದೇನೆ. ಯಾರೇ ಲ್ಯಾಪ್‌ಟಾಪ್ ತಂದರೂ ನಾನು ಮೊದಲು ಕೇಳುವುದು, "ದಿನಾ ಇದರಲ್ಲಿ ಏನು ಮಾಡ್ತೀರಿ? ಒಂದ್ಸಲ ನನ್ನೆದುರು ಮಾಡಿ ತೋರಿಸಿ". ಅವರು ಮೌಸ್ ಹಿಡಿಯುತ್ತಾರೆ, ನಾನು ಪಕ್ಕದಲ್ಲಿ ನೋಡುತ್ತೇನೆ. ಐದು ನಿಮಿಷ ಸಾಕು. ಯಾವ ಫಾಂಟ್, ಯಾವ ಪ್ರಿಂಟರ್, ಫೈಲ್ ಎಲ್ಲಿಡುತ್ತಾರೆ, ಎಲ್ಲಾ ಗೊತ್ತಾಗುತ್ತದೆ. ವಯಸ್ಸಾದವರಲ್ಲಿ ಜಾಸ್ತಿ ಜನ ಡೆಸ್ಕ್‌ಟಾಪ್ ಮೇಲೇ ಇಡುತ್ತಾರೆ. ಅದು ಇರುವುದು ಸಿ ಡ್ರೈವ್‌ನಲ್ಲಿ, ಫಾರ್ಮ್ಯಾಟ್ ಆದರೆ ಮೊದಲು ಹೋಗುವುದೇ ಅದು. ನಿಮ್ಮ ಪೆನ್‌ಡ್ರೈವ್‌ನಲ್ಲಿ ಡೆಸ್ಕ್‌ಟಾಪ್‌ನದೂ ಇದೆಯಾ, ಈಗಲೇ ನೋಡಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಆಫ್ ಮಾಡಿಟ್ಟು ನನಗೆ ತಿಳಿಸಿ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ (ಹೊಸ ಬಗೆಯ ವೇಗದ ಡ್ರೈವ್) ಇದ್ದರೆ ಅಳಿಸಿದ್ದು ವಾಪಸ್ ಸಿಗುವುದು ಕಷ್ಟ.

ಪಾಸ್‌ವರ್ಡ್ ಒತ್ತುವಾಗ ಮುಖ ಆ ಕಡೆ ತಿರುಗಿಸಿ. ಫೋಟೋ ಫೋಲ್ಡರ್ ಕಾಪಿ ಮಾಡಿ, ತೆರೆಯಬೇಡಿ. "ಇಷ್ಟೂ ಗೊತ್ತಿಲ್ವಾ" ಅನ್ನುವ ಮಾತು ಬೇಡವೇ ಬೇಡ. ಅದನ್ನು ಕೇಳಿಸಿಕೊಂಡವರು ಮುಂದಿನ ಸಲ ತೊಂದರೆ ಬಂದರೂ ಬಾಯಿ ಬಿಡುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ಅಕ್ಕ, ಅಮ್ಮ ದಾವಣಗೆರೆಯಲ್ಲಿ, ನಾನು ಬೆಂಗಳೂರಿನಲ್ಲಿ. ಫೋನಿನಲ್ಲಿ ಕೇಳಿದರೆ "ಏನೋ ಬರ್ತಿದೆ" ಅಂತಷ್ಟೇ ಹೇಳುತ್ತಾರೆ. ಇಲ್ಲಿಂದಲೇ ಅವರ ಸ್ಕ್ರೀನ್ ನೋಡುವುದು ಸರಿಯಾ?

ಉತ್ತರ: ನೋಡಬಹುದು. ದೂರದಿಂದಲೇ ಇನ್ನೊಬ್ಬರ ಸ್ಕ್ರೀನ್ ನೋಡಲು ವಿಂಡೋಸ್ 11ರಲ್ಲೇ ಕ್ವಿಕ್ ಅಸಿಸ್ಟ್ ಅನ್ನುವ ಆ್ಯಪ್ ಇದೆ. ಮೈಕ್ರೋಸಾಫ್ಟ್ ಖಾತೆ ನಿಮಗೆ ಬೇಕು, ಅಮ್ಮನಿಗೆ ಬೇಡ. ನೀವು ಹೇಳುವ ಕೋಡ್ ಅವರು ಹಾಕಿ, ಅನುಮತಿ ಕೊಡಬೇಕು. ಅದಕ್ಕೂ ಮುಂಚೆ ಬ್ಯಾಂಕ್ ಪುಟ ತೆರೆದಿದ್ದರೆ ಮುಚ್ಚಿಸಿ. ಮೌಸ್ ಆಡಿಸುತ್ತಾ "ಈಗ ಸೆಟ್ಟಿಂಗ್ಸ್‌ಗೆ ಹೋಗ್ತಿದೀನಿ ಅಮ್ಮ" ಅಂತ ಹೇಳುತ್ತಿರಿ. ತಾನೇ ಓಡಾಡುವ ಬಾಣ ನೋಡಿದರೆ ಗಾಬರಿಯಾಗುತ್ತದೆ ಅಲ್ವಾ?

ಇದರಲ್ಲಿ ನನಗೆ ಭಯ ಇರುವುದು ಒಂದೇ. ಇದೇ ದಾರಿಯಲ್ಲಿ ಮೋಸಗಾರರೂ ಬರುತ್ತಾರೆ. "ನಾನು ಕೋಡ್ ಕೊಡೋದು ನನ್ನ ನಂಬರಿನಿಂದ, ನನ್ನ ದನಿಯಲ್ಲಿ ಮಾತಾಡಿದ ಮೇಲೆ. ಬೇರೆ ಯಾರು ಆ್ಯಪ್ ಹಾಕಿಸಿ ಅಂದರೂ ಫೋನ್ ಇಡು" ಅಂತ ಅಮ್ಮನಿಗೆ ಈಗಲೇ ಹೇಳಿ. ಅಕಸ್ಮಾತ್ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ನಂಬರ್ ದಪ್ಪ ಅಕ್ಷರದಲ್ಲಿ ಬರೆದು ಟೇಬಲ್ ಹತ್ತಿರ ಅಂಟಿಸಿ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ನುಡಿ ಹಾಕಿದೆ, ಕನ್ನಡ ಬಂತು! ಡೆಸ್ಕ್‌ಟಾಪ್‌ನದೂ ಪೆನ್‌ಡ್ರೈವ್‌ನಲ್ಲಿತ್ತು. ಮಾವ ಜಾತ್ರೆಯ ಅಧ್ಯಾಯ ತೆರೆದು ಮೊದಲ ಪುಟ ಜೋರಾಗಿ ಓದಿದರು. ಅತ್ತೆ ಅಡುಗೆಮನೆಯಿಂದ ಬಂದು ನಿಂತರು. ಆದರೆ ಎರಡು ಫೈಲ್ ಮಾತ್ರ ಇನ್ನೂ ಹಾಗೇ ಇವೆ.

ಉತ್ತರ: ತುಂಬಾ ಸಂತೋಷ! ಆ ಎರಡನ್ನು ಡಿಟಿಪಿ ಅಂಗಡಿಯಲ್ಲಿ ಮಾಡಿಸಿರಬಹುದು, ಮಾವನನ್ನೇ ಕೇಳಿ. ನುಡಿಯಂತೆಯೇ ಇರುವ "ಶ್ರೀಲಿಪಿ" ಅಥವಾ "ಬರಹ" ತಂತ್ರಾಂಶದ ಫಾಂಟ್ ಇರಬಹುದು. ವರ್ಡ್‌ನಲ್ಲಿ ಒಂದು ಸಾಲಿನ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾಂಟ್ ಬಾಕ್ಸ್ ನೋಡಿ. ಫಾಂಟ್ ಇಲ್ಲದಿದ್ದರೂ ಅದರ ಹೆಸರು ಅಲ್ಲಿರುತ್ತದೆ. ಆ ಹೆಸರನ್ನು ಇಲ್ಲಿ ಬರೆಯಿರಿ, ಯಾವುದು ಹಾಕಬೇಕು ಅಂತ ಹೇಳುತ್ತೇನೆ.